ಮದ್ಯ ಸನ್ನದುದಾರರ ಹೊಣೆಗಾರಿಕೆ: ಲೆಕ್ಕಪತ್ರದ ದೃಷ್ಟಿಯಿಂದ ಒಂದು ಅಧ್ಯಯನ

ಅಕ್ಕಿ, ಅಡಿಕೆ, ಬಟ್ಟೆ, ಕಬ್ಬಿಣ ಇತ್ಯಾದಿಗಳ ವ್ಯಾಪಾರವು ನಾಗರಿಕನ ಹಕ್ಕು. ಸರ್ಕಾರ ಅದನ್ನು ನಿಯಂತ್ರಿಸಬಹುದಾದರೂ ಸಮಂಜಸವಾದ ಕಾರಣವನ್ನು ತೋರಿಸಬೇಕಾಗುತ್ತದೆ. ಮದ್ಯದ ವ್ಯಾಪಾರಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಖೋಡೆ ಡಿಸ್ಟಿಲರೀಸ್ ಮತ್ತು ಕರ್ನಾಟಕ ಸರ್ಕಾರದ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 1994ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಪಾನೀಯ ಮದ್ಯದ ವ್ಯಾಪಾರವು ಮೂಲಭೂತ ಹಕ್ಕಲ್ಲ. ರಾಜ್ಯವು ಅದನ್ನು ಪೂರ್ಣವಾಗಿ ನಿಷೇಧಿಸಬಹುದು, ತಾನೇ ನಡೆಸಬಹುದು, ಇಲ್ಲವೇ ಷರತ್ತುಗಳಿಗೆ ಒಳಪಡಿಸಿ ಇತರರಿಗೆ ಬಿಟ್ಟುಕೊಡಬಹುದು. ಹೀಗಾಗಿ ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ ಸನ್ನದು ಆಸ್ತಿಪಟ್ಟಿಯಲ್ಲಿ ಎಷ್ಟೇ ಬೆಲೆಬಾಳಿದರೂ, ಕಾನೂನಿನ ಕಣ್ಣಿನಲ್ಲಿ ಅದು ಷರತ್ತುಬದ್ಧ ಅನುಮತಿ ಮಾತ್ರ. ಷರತ್ತು ಮುರಿದ ದಿನ ಆ ಆಸ್ತಿಯ ಬೆಲೆ ಶೂನ್ಯಕ್ಕೆ ಇಳಿಯಬಹುದು. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಲೆಕ್ಕಾಚಾರಗಳು ಸುಲಭವಾಗಿ ಅರ್ಥವಾಗುತ್ತವೆ.

ನಗರದ ಬಾರುಗಳ ನಿರ್ವಹಣೆಯ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಗ್ರಾಮೀಣ ಸನ್ನದುದಾರರ ಸಮಸ್ಯೆಗಳು ಬೇರೆ. ಸುಳ್ಯ ತಾಲ್ಲೂಕಿನ ಪಂಜದಂಥ ಹೋಬಳಿ ಕೇಂದ್ರವನ್ನು ನಿದರ್ಶನವಾಗಿ ಪರಿಶೀಲಿಸಬಹುದು. ಪುತ್ತೂರಿನಿಂದ ಕಾಣಿಯೂರು, ನಿಂತಿಕಲ್ಲು ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಸಾಗುವ ರಸ್ತೆಯಲ್ಲಿರುವ ಈ ಊರಿನಲ್ಲಿ ಪಂಚಲಿಂಗೇಶ್ವರ ದೇವಾಲಯವಿದೆ; ಸುತ್ತಲೂ ಅಡಿಕೆ ತೋಟ, ರಬ್ಬರ್ ತೋಟ ಮತ್ತು ಕಾಡು. ರಸ್ತೆ ತಿರುವುಗಳಿಂದ ಕೂಡಿದ್ದು. ಮಳೆಗಾಲದ ರಾತ್ರಿಗಳಲ್ಲಿ ವಿದ್ಯುತ್ತಿನ ಭರವಸೆಯಿಲ್ಲ. ಕೊನೆಯ ಬಸ್ಸು ಹೋದ ಮೇಲೆ ಸ್ವಂತ ವಾಹನ ಅಥವಾ ಬಾಡಿಗೆ ಆಟೊ, ಜೀಪುಗಳೇ ಗತಿ. ಗ್ರಾಹಕನು ಅಪರಿಚಿತನಲ್ಲ, ಆತನ ಮನೆ, ಮಕ್ಕಳು, ಸೊಸೈಟಿಯ ಸಾಲ ಎಲ್ಲವೂ ವ್ಯಾಪಾರಿಗೆ ಗೊತ್ತು. ಇಂಥ ಊರುಗಳ ಸಾಮಾನ್ಯ ಸ್ಥಿತಿಯನ್ನು ಆಧರಿಸಿ ಈ ಲೇಖನವಿದೆ. ಯಾವುದೇ ಒಂದು ಅಂಗಡಿಯನ್ನು ಕುರಿತದ್ದಲ್ಲ.

ಈ ಭಾಗಕ್ಕೆ ಪಾನನಿಷೇಧದ ಇತಿಹಾಸವೂ ಇದೆ ಎಂಬುದನ್ನು ಹೊಸ ತಲೆಮಾರಿನ ವ್ಯಾಪಾರಿಗಳು ಮರೆತಂತಿದೆ. ದಕ್ಷಿಣ ಕನ್ನಡ ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1937ರ ಮದರಾಸು ಪಾನನಿಷೇಧ ಕಾಯ್ದೆ ಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೊಂಡು, 1948ರ ವೇಳೆಗೆ ಇಡೀ ಪ್ರಾಂತ್ಯವನ್ನು ವ್ಯಾಪಿಸಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ನಿಷೇಧ ಕೆಲಕಾಲ ಮುಂದುವರಿಯಿತು. ನಂತರ 1965ರ ಅಬಕಾರಿ ಕಾಯ್ದೆ, 1967ರ ಸನ್ನದುಗಳ ಸಾಮಾನ್ಯ ಷರತ್ತುಗಳ ನಿಯಮಗಳು ಹಾಗೂ 1968ರ ಭಾರತೀಯ ಮತ್ತು ವಿದೇಶಿ ಮದ್ಯ ಮಾರಾಟ ನಿಯಮಗಳು ಇಂದಿನ ವ್ಯವಸ್ಥೆಗೆ ತಳಹದಿಯಾದವು. ನಿಷೇಧವಿದ್ದ ನಾಡಿನಲ್ಲಿ ತೆರೆದ ಬಾಗಿಲು ಇದು. ಮತ್ತೆ ಮುಚ್ಚಬೇಕೆಂಬ ಕೂಗು ಆಗಾಗ ಏಳುತ್ತಲೇ ಇದೆ. 2019ರ ಜನವರಿಯಲ್ಲಿ ಸಾವಿರಾರು ಗ್ರಾಮೀಣ ಮಹಿಳೆಯರು ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದದ್ದನ್ನು ಇಲ್ಲಿ ನೆನೆಯಬಹುದು. ಬೇಜವಾಬ್ದಾರಿಯಿಂದ ನಡೆಯುವ ಪ್ರತಿಯೊಂದು ಅಂಗಡಿಯೂ ಆ ಬೇಡಿಕೆಗೆ ಬಲ ತುಂಬುತ್ತದೆ.

ಸನ್ನದಿನ ಬಗೆ ಮತ್ತು ಸ್ಥಳ

ಸಿ.ಎಲ್‌-2 ಎಂಬುದು ಮೊಹರು ಒಡೆಯದ ಬಾಟಲಿಗಳನ್ನು ಚಿಲ್ಲರೆಯಾಗಿ ಮಾರುವ ಸನ್ನದು. ಅಲ್ಲಿ ಕುಳಿತು ಕುಡಿಯುವಂತಿಲ್ಲ. ಸಿ.ಎಲ್‌-9 ಉಪಾಹಾರ ಗೃಹದ, ಅಂದರೆ ಬಾರಿನ ಸನ್ನದು. ಅಲ್ಲಿ ಆಹಾರದೊಂದಿಗೆ ಕುಳಿತು ಸೇವಿಸಬೇಕು. ಸಿ.ಎಲ್‌-7 ವಸತಿಗೃಹಗಳಿಗೆ, ಸಿ.ಎಲ್‌-4 ಕ್ಲಬ್ಬುಗಳಿಗೆ. ಸಗಟು ವಿತರಣೆ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಕೈಯಲ್ಲಿದೆ. ವ್ಯವಹಾರದಲ್ಲಿ ಮಾತ್ರ ಈ ಗೆರೆಗಳು ಅಳಿಸಿಹೋಗಿರುತ್ತವೆ. ಚಿಲ್ಲರೆ ಅಂಗಡಿಯ ಪಕ್ಕದ ಗೂಡಂಗಡಿಯಲ್ಲಿ ಪ್ಲಾಸ್ಟಿಕ್ ಲೋಟ, ನೀರಿನ ಪೊಟ್ಟಣ, ಉಪ್ಪಿನಕಾಯಿ ಸಿಗುತ್ತದೆ. ಗಿರಾಕಿ ಅಂಗಡಿಯ ಹಿಂಬದಿಯಲ್ಲೋ ಮೋರಿಯ ಕಟ್ಟೆಯ ಮೇಲೋ ಕುಳಿತು ಮುಗಿಸುತ್ತಾನೆ. 'ಅದು ನನ್ನ ಜಾಗವಲ್ಲ' ಎಂಬ ಸನ್ನದುದಾರನ ಉತ್ತರ ಒಂದೆರಡು ಸಲ ನಡೆಯಬಹುದು. ಅಲ್ಲಿ ಹೊಡೆದಾಟವಾಗಿ ಒಬ್ಬನ ಜೀವ ಹೋದಾಗ ತನಿಖೆ ಆರಂಭವಾಗುವುದು ಬಾಟಲಿ ಎಲ್ಲಿಂದ ಬಂತು ಎಂಬ ಪ್ರಶ್ನೆಯಿಂದಲೇ.

ಸ್ಥಳದ ವಿಷಯದಲ್ಲಿ 1967ರ ನಿಯಮಗಳು ದೇವಾಲಯ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಅಂತರವನ್ನು ವಿಧಿಸುತ್ತವೆ. ಹೆದ್ದಾರಿಗೆ ಸಂಬಂಧಿಸಿದಂತೆ ಸರ್ವೋಚ್ಚ ನ್ಯಾಯಾಲಯವು 2016ರ ಡಿಸೆಂಬರ್ 15ರಂದು ತಮಿಳುನಾಡು ಸರ್ಕಾರ ಮತ್ತು ಕೆ. ಬಾಲು ಪ್ರಕರಣದಲ್ಲಿ 500 ಮೀಟರ್ ಅಂತರವನ್ನು ನಿಗದಿಪಡಿಸಿತು. 2017ರ ಮಾರ್ಚ್ 31ರಂದು, 20,000 ಅಥವಾ ಅದಕ್ಕಿಂತ ಕಡಿಮೆ ಜನಸಂಖ್ಯೆಯ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯಲ್ಲಿ ಅದನ್ನು 220 ಮೀಟರಿಗೆ ಇಳಿಸಿತು. ಮುಂದೆ ನಗರ ವ್ಯಾಪ್ತಿಗೆ ವಿನಾಯಿತಿ ದೊರೆಯಿತು. 2018ರ ಫೆಬ್ರವರಿಯಲ್ಲಿ ಪಂಚಾಯತಿ ಪ್ರದೇಶಗಳ ಬಗ್ಗೆ ನಿರ್ಧರಿಸುವ ಅವಕಾಶವನ್ನು ರಾಜ್ಯಗಳಿಗೆ ನೀಡಲಾಯಿತು. ಗ್ರಾಮ ಪಂಚಾಯತಿ ವ್ಯಾಪ್ತಿಯ ಸನ್ನದುದಾರನು ತನ್ನ ಕಟ್ಟಡಕ್ಕೆ ಇವುಗಳಲ್ಲಿ ಯಾವುದು ಅನ್ವಯವಾಗುತ್ತದೆಂಬುದನ್ನು ಬಾಯಿಮಾತಿನಲ್ಲಿ ನಂಬದೆ, ಅಳತೆಯ ನಕ್ಷೆಯೊಂದಿಗೆ ಲಿಖಿತವಾಗಿ ಪಡೆದು ಕಡತದಲ್ಲಿಡುವುದು ಲೇಸು. ರಸ್ತೆ ಮೇಲ್ದರ್ಜೆಗೇರಿದಾಗ ನೆರೆಯವರ ಆಕ್ಷೇಪ ಬರುವುದು ಈ ಅಂತರದ ಮೇಲೆಯೇ.

ಬಾಟಲಿ ಮತ್ತು ಪೆಗ್ಗಿನ ತಾಳೆ

ಬಾರಿನ ಲೆಕ್ಕದಲ್ಲಿ ಅತ್ಯಂತ ಉಪಯುಕ್ತವಾದ, ಆದರೆ ಅತ್ಯಂತ ವಿರಳವಾಗಿ ನಡೆಯುವ ಪರೀಕ್ಷೆಯೊಂದಿದೆ. 750 ಮಿ.ಲೀ. ಬಾಟಲಿಯಲ್ಲಿ 30 ಮಿ.ಲೀ.ಯ 25 ಸಣ್ಣ ಪೆಗ್ಗುಗಳಿವೆ, 180 ಮಿ.ಲೀ. ಕ್ವಾರ್ಟರಿನಲ್ಲಿ 6. ತಿಂಗಳ ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ, ಅಂತಿಮ ದಾಸ್ತಾನನ್ನು ಕಳೆದರೆ ಖರ್ಚಾದ ಬಾಟಲಿಗಳ ಸಂಖ್ಯೆ ಬರುತ್ತದೆ. ಉದಾಹರಣೆಗೆ ಒಂದು ಬ್ರಾಂಡಿನ 48 ಬಾಟಲಿ ಖರ್ಚಾಗಿದೆ ಎನ್ನೋಣ. ಅದರಿಂದ 1,200 ಪೆಗ್ಗುಗಳು ಬರಬೇಕು. ಬಿಲ್ಲಿನಲ್ಲಿ 1,176 ಕಂಡರೆ ನೂರಕ್ಕೆ ಎರಡರಷ್ಟು ಚೆಲ್ಲಿಹೋಗಿದೆ ಎಂದು ಒಪ್ಪಬಹುದು. 1,100 ಕಂಡರೆ ನೂರು ಪೆಗ್ಗುಗಳು ಬಿಲ್ಲಿಲ್ಲದೆ ಹೊರಗೆ ಹೋಗಿವೆ. ಗಲ್ಲಾದಲ್ಲಿಯೋ ಕೌಂಟರಿನಲ್ಲಿಯೋ ಸೋರಿಕೆಯಿದೆ.

ಮಾಲೀಕರು ಈ ಎರಡನೆಯ ಬಗೆಯ ವ್ಯತ್ಯಾಸಕ್ಕೆ ಮಾತ್ರ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಮೂರನೆಯದಕ್ಕೆ. ಬಿಲ್ಲಿನಲ್ಲಿ 1,260 ಪೆಗ್ಗುಗಳಿದ್ದರೆ? ಲಾಭ ಹೆಚ್ಚಿತೆಂದು ಸಂತೋಷಪಡುವ ಮಾಲೀಕರಿದ್ದಾರೆ. 36,000 ಮಿ.ಲೀ.ಯನ್ನು 1,260ರಿಂದ ಭಾಗಿಸಿದರೆ ಪೆಗ್ಗಿಗೆ 28.57 ಮಿ.ಲೀ. ಬರುತ್ತದೆ. ಅಂದರೆ ಅಳತೆಯಲ್ಲಿ ಮೋಸವಾಗುತ್ತಿದೆ, ಇಲ್ಲವೇ ನೀರು ಬೆರೆಯುತ್ತಿದೆ, ಇಲ್ಲವೇ ದುಬಾರಿ ಬಾಟಲಿಗೆ ಅಗ್ಗದ ಮಾಲು ಸೇರುತ್ತಿದೆ. ಈ ಮೂರೂ ಅಪರಾಧಗಳೇ. ಕೊನೆಯದರಲ್ಲಿ ಆ ಅಗ್ಗದ ಮಾಲು ನಿಗಮದ ಡಿಪೊದಿಂದ ಬಂದದ್ದಲ್ಲದಿದ್ದರೆ ಗಿರಾಕಿಯ ಪ್ರಾಣಕ್ಕೇ ಸಂಚಕಾರ. ಆದುದರಿಂದ ಬಾಟಲಿಗೆ 25ಕ್ಕಿಂತ ಹೆಚ್ಚು ಪೆಗ್ಗು ತೋರಿಸುವ ಲೆಕ್ಕವನ್ನು ಲಾಭವೆಂದು ಓದದೆ ಎಚ್ಚರಿಕೆಯೆಂದು ಓದಬೇಕು. ಪೆಗ್ ಅಳತೆಯು ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪಡೆದದ್ದಾಗಿರಬೇಕು; ಕಣ್ಣಂದಾಜಿನಿಂದ ಸುರಿಯುವ ಮಾಣಿ ಎಷ್ಟೇ ನುರಿತವನಾದರೂ ಆತನ ಕೈ ದೃಢೀಕೃತ ಮಾಪನವಲ್ಲ.

ತೆರಿಗೆಯ ವಿಷಯದಲ್ಲಿ ಒಂದೇ ಮಾತು ಸಾಕು. ಪಾನೀಯ ಮದ್ಯ ಸರಕು ಮತ್ತು ಸೇವಾ ತೆರಿಗೆಯ ಹೊರಗಿದೆ, ಆಹಾರ ಒಳಗಿದೆ. ಒಂದೇ ಮೇಜಿನ ಬಿಲ್ಲಿನಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸದಿದ್ದರೆ ತೆರಿಗೆಯ ಲೆಕ್ಕವೂ ಕೆಡುತ್ತದೆ, ಮೇಲೆ ಹೇಳಿದ ಪೆಗ್ಗಿನ ತಾಳೆಯೂ ಸಾಧ್ಯವಾಗುವುದಿಲ್ಲ. ಅಬಕಾರಿ ವರ್ಷ ಜುಲೈ 1ರಿಂದ ಜೂನ್ 30ರವರೆಗೆ, ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಹಾಗಾಗಿ ವರ್ಷಾಂತ್ಯದ ದಾಸ್ತಾನು ಎಣಿಕೆ ಎರಡು ಸಲ ನಡೆಯಬೇಕಾಗುತ್ತದೆ. ಇದನ್ನು ಹೊರೆಯೆಂದು ಭಾವಿಸಬೇಕಾಗಿಲ್ಲ.

ರಕ್ತದಲ್ಲಿನ ಲೆಕ್ಕ

ಭಾರತದಲ್ಲಿ ತಯಾರಾದ ವಿಸ್ಕಿ, ಬ್ರಾಂದಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಪ್ರಮಾಣ ರೀತ್ಯಾ ಶೇಕಡಾ 42.8 ಮದ್ಯಸಾರವಿರುತ್ತದೆ. ಹಾಗಾದರೆ 60 ಮಿ.ಲೀ.ಯ ಒಂದು ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಶುದ್ಧ ಮದ್ಯಸಾರ. ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ. 650 ಮಿ.ಲೀ.ಯ ಶೇಕಡಾ 5ರ ಬಿಯರಿನಲ್ಲಿ ಸುಮಾರು 25 ಗ್ರಾಂ, ಶೇಕಡಾ 8ರ ಸ್ಟ್ರಾಂಗ್ ಬಿಯರಿನಲ್ಲಿ ಸುಮಾರು 41 ಗ್ರಾಂ. 'ನಾನು ಬಿಯರ್ ಮಾತ್ರ ಕುಡಿದೆ' ಎನ್ನುವ ಗಿರಾಕಿ ವಾಸ್ತವದಲ್ಲಿ ಎರಡು ದೊಡ್ಡ ಪೆಗ್ಗುಗಳಷ್ಟು ಸೇವಿಸಿರುತ್ತಾನೆ. ಇದನ್ನು ಗಿರಾಕಿಯೂ ತಿಳಿದಿರುವುದಿಲ್ಲ, ಬಡಿಸುವವನೂ ತಿಳಿದಿರುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 185ನೇ ಪ್ರಕರಣದ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿರುವವನು ವಾಹನ ಚಲಾಯಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 15,000 ರೂಪಾಯಿ ಮತ್ತು ಎರಡು ವರ್ಷಗಳವರೆಗೆ. ಸುಮಾರು 65 ಕಿಲೋ ತೂಕದ ಪುರುಷನು ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಪೆಗ್ ಕುಡಿದರೆ ಅಂದಾಜು 23 ಮಿಲಿಗ್ರಾಂ. ಒಂದು ದೊಡ್ಡ ಪೆಗ್ ಕುಡಿದರೆ 46. ಎಂದರೆ ಒಂದೇ ದೊಡ್ಡ ಪೆಗ್ಗಿಗೆ ಮಿತಿ ದಾಟಿತು. ಸ್ಟ್ರಾಂಗ್ ಬಿಯರಿಗೆ ಮಿತಿಯ ಮೂರು ಪಟ್ಟು. ದೇಹ ಇದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂ ವೇಗದಲ್ಲಿ ಮಾತ್ರ ಕಳೆಯಬಲ್ಲದು. ತಣ್ಣೀರಿನ ಸ್ನಾನ, ಕಪ್ಪು ಕಾಫಿ, ಮಜ್ಜಿಗೆ, ಲಿಂಬೆರಸ ಯಾವುದೂ ಈ ವೇಗವನ್ನು ಹೆಚ್ಚಿಸಲಾರದು. ಊಟ ಮಾತ್ರ ಮದ್ಯಸಾರ ರಕ್ತಕ್ಕೆ ಸೇರುವುದನ್ನು ನಿಧಾನಗೊಳಿಸುತ್ತದೆ. ಅದೂ ಕುಡಿಯುವ ಮೊದಲು ಅಥವಾ ಜೊತೆಗೆ ಉಂಡರೆ.

ರಬ್ಬರ್ ತೋಟಗಳ ನಾಡಿನಲ್ಲಿ ಈ ಲೆಕ್ಕಕ್ಕೆ ಮತ್ತೊಂದು ಮುಖವಿದೆ. ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿದವನ ರಕ್ತದಲ್ಲಿ 130 ಮಿಲಿಗ್ರಾಂ ದಾಟಿರಬಹುದು. ಬೆಳಗಿನ ಐದಕ್ಕೆ ಟ್ಯಾಪಿಂಗಿಗೆಂದು ಬೈಕ್ ಏರುವಾಗಲೂ ಆತ ಕಾನೂನಿನ ಮಿತಿಯ ಆಸುಪಾಸಿನಲ್ಲಿಯೇ ಇರುತ್ತಾನೆ. ಈ ಅಂಕಿಗಳು ಅಂದಾಜು; ತೂಕ, ಲಿಂಗ, ಆಹಾರ, ಆರೋಗ್ಯಗಳಿಗೆ ಅನುಸಾರವಾಗಿ ವ್ಯತ್ಯಾಸವಾಗುತ್ತವೆ. ಆದರೂ ಈ ಪಟ್ಟಿಯನ್ನು ಸರಳ ಕನ್ನಡದಲ್ಲಿ ಬರೆಸಿ ಕೌಂಟರಿನ ಒಳಬದಿಯಲ್ಲಿ ತೂಗುಹಾಕಿದರೆ ಬಡಿಸುವವರಿಗೆ ಮಾರ್ಗದರ್ಶಿಯಾಗುತ್ತದೆ.

ಬಡಿಸಲು ನಿರಾಕರಿಸುವುದು

ಅಮಲೇರಿದವನಿಗೆ ಮದ್ಯ ಮಾರಬಾರದೆಂಬುದು ಸನ್ನದಿನ ಷರತ್ತು. ವಯಸ್ಸಿನ ವಿಷಯದಲ್ಲಿ ಕಾಯ್ದೆಯ 36ನೇ ಪ್ರಕರಣ 18 ವರ್ಷವನ್ನೂ 1967ರ ನಿಯಮಗಳು 21 ವರ್ಷವನ್ನೂ ಹೇಳುತ್ತವೆ. 2023ರ ಜನವರಿಯಲ್ಲಿ ನಿಯಮವನ್ನು 18ಕ್ಕೆ ಇಳಿಸುವ ಕರಡು ಹೊರಬಂದು, ವಿರೋಧದ ನಂತರ ಹಿಂತೆಗೆಯಲ್ಪಟ್ಟಿತು. ಸನ್ನದುದಾರನು ಕಠಿಣವಾದುದನ್ನೇ, ಎಂದರೆ 21ನ್ನೇ ಅನುಸರಿಸಬೇಕು. ನಗರದಲ್ಲಿ ಗುರುತಿನ ಚೀಟಿ ಕೇಳಿದರೆ ಸಾಕು. ಹಳ್ಳಿಯ ತೊಡಕು ಬೇರೆ: 'ಅಪ್ಪ ಕಳುಹಿಸಿದ್ದಾರೆ' ಎಂದು ಹುಡುಗನೊಬ್ಬ ಚೀಟಿ ಹಿಡಿದು ಬಂದಾಗ, ಅಪ್ಪ ಖಾಯಂ ಗಿರಾಕಿಯಾಗಿರುವುದರಿಂದ ಇಲ್ಲವೆನ್ನಲು ಸಂಕೋಚ. ಅಲ್ಲಿ ಸಂಕೋಚಪಡುವ ವ್ಯಾಪಾರಿ ಸನ್ನದನ್ನು ಆ ಹುಡುಗನ ಕೈಗೆ ಕೊಟ್ಟಂತೆಯೇ ಸರಿ.

ಅಮಲೇರಿದ ಗಿರಾಕಿಗೆ ನಿರಾಕರಿಸುವುದು ಬಡಿಸುವವನ ಪಾಲಿಗೆ ಇನ್ನೂ ಕಷ್ಟ. ಸಂಬಳ ಕಡಿಮೆ, ಟಿಪ್ಸಿನ ಆಸೆ, ಎದುರಿಗೆ ಊರಿನ ಪ್ರತಿಷ್ಠಿತ ವ್ಯಕ್ತಿ. ಮಾಲೀಕನು ಮುಂಚಿತವಾಗಿ ಬೆಂಬಲ ಘೋಷಿಸದ ಹೊರತು ಮಾಣಿ ಇಲ್ಲವೆನ್ನಲಾರ. ಮಾತು ತೊದಲುವುದು, ದನಿ ಏರುವುದು, ನಾಣ್ಯ ಎಣಿಸಲು ತಡವರಿಸುವುದು, ನೆರೆಮೇಜಿನವರೊಡನೆ ಅನವಶ್ಯಕ ಮಾತು ಇವು ಕಾಣಿಸಿದೊಡನೆ ಬಡಿಸುವ ವೇಗ ತಗ್ಗಿಸಿ, ನೀರು ಮತ್ತು ಊಟವನ್ನು ಮುಂದಿಡಬೇಕು. ನಿರಾಕರಣೆಯ ಮಾತನ್ನು ಎಲ್ಲರೆದುರು ಆಡದೆ, ಸಾಧ್ಯವಾದರೆ ಜೊತೆಗೆ ಬಂದವನನ್ನು ಬದಿಗೆ ಕರೆದು ಹೇಳುವುದು ಮೇಲು. ವಾದಕ್ಕಿಳಿಯಬಾರದು, ಮೈಮುಟ್ಟಬಾರದು. ಹೊರಗೆ ಕಳುಹಿಸಿದ ಮಾತ್ರಕ್ಕೆ ಹೊಣೆ ತೀರುವುದಿಲ್ಲ. ಆತ ಬೈಕಿನಲ್ಲಿ ಬಂದಿದ್ದರೆ ಕೀಲಿಯನ್ನು ಗಲ್ಲಾದಲ್ಲಿ ಬಿಟ್ಟುಹೋಗುವಂತೆ ಒಲಿಸಬೇಕು, ನಂಬಿಗಸ್ತ ಆಟೊ ಅಥವಾ ಜೀಪು ಚಾಲಕರ ಸಂಖ್ಯೆಗಳು ಕೌಂಟರಿನಲ್ಲಿರಬೇಕು. ಒಂದು ಬಾಡಿಗೆಯ ಹಣವನ್ನು ಮಾಲೀಕನೇ ಕೊಟ್ಟರೂ ನಷ್ಟವಿಲ್ಲ. ಲೆಕ್ಕದಲ್ಲಿ ಅದು ವ್ಯಾಪಾರದ ವೆಚ್ಚವೇ.

ಮೇಜಿನ ಮೇಲೆ ತಲೆಯಿಟ್ಟು ಮಲಗಿದವನನ್ನು 'ಇಳಿಯಲಿ' ಎಂದು ಬಿಟ್ಟುಬಿಡುವ ಪದ್ಧತಿ ಅಪಾಯಕಾರಿ. ತಲೆಗೆ ಪೆಟ್ಟಾದವನೂ, ರಕ್ತದ ಸಕ್ಕರೆ ಕುಸಿದ ಮಧುಮೇಹಿಯೂ ನೋಡಲು ಕುಡಿದವನಂತೆಯೇ ಕಾಣುತ್ತಾರೆ. ಎಬ್ಬಿಸಿದರೂ ಏಳದವನನ್ನು ಮಗ್ಗುಲಾಗಿ ಮಲಗಿಸಿ, ವಾಂತಿ ಗಂಟಲಿಗೆ ಸಿಲುಕದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು. ಘಟ್ಟದ ತಪ್ಪಲಿನ ಊರುಗಳಿಗೆ ಆಂಬ್ಯುಲೆನ್ಸ್ ಬರುವುದಕ್ಕೆ ಹೊತ್ತು ಹಿಡಿಯುವುದರಿಂದ ಕಾದು ನೋಡುವ ಅವಕಾಶ ಇಲ್ಲಿ ನಗರದಷ್ಟಿಲ್ಲ.

ಉದ್ರಿಯ ಪುಸ್ತಕದ ಬಗ್ಗೆಯೂ ಎರಡು ಮಾತು ಅಗತ್ಯ. ದಿನಗೂಲಿಯವನಿಗೆ ಸಾಲದಲ್ಲಿ ಮದ್ಯ ಕೊಟ್ಟು ಶನಿವಾರದ ಬಟವಾಡೆಯ ದಿನ ವಸೂಲು ಮಾಡುವ ಕ್ರಮವು ಲೆಕ್ಕಪತ್ರದ ದೃಷ್ಟಿಯಿಂದ ಕೆಟ್ಟ ಬಾಕಿಗೆ ದಾರಿ. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ಅಕ್ಕಿಯ ಹಣಕ್ಕೆ ಅಂಗಡಿ ಮೊದಲ ಹಕ್ಕುದಾರನಾದಂತೆ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ದೇಶದಲ್ಲಿ 10ರಿಂದ 75 ವರ್ಷದವರಲ್ಲಿ ಶೇಕಡಾ 14.6 ಮಂದಿ, ಎಂದರೆ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ ಚಟಕ್ಕೆ ಬಿದ್ದವರ ಸಂಖ್ಯೆಯೂ ಕೋಟಿಗಳಲ್ಲಿದೆ. ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ನಡೆಯುತ್ತಾ ಬಂದಿವೆ. ಶಿಬಿರ ಮುಗಿಸಿ ಬಂದವನನ್ನು ಊರಿನ ವ್ಯಾಪಾರಿ ಗುರುತಿಸಬಲ್ಲ. ಹಳೆಯ ಉದ್ರಿಯನ್ನು ನೆನಪಿಸುವ ನೆಪದಲ್ಲಿ ಆತನನ್ನು ಮತ್ತೆ ಒಳಕ್ಕೆ ಕರೆಯುವುದು ಯಾವ ನಿಯಮದಲ್ಲಿಯೂ ನಿಷಿದ್ಧವೆಂದು ಬರೆದಿಲ್ಲವಾದರೂ ಮಾಡತಕ್ಕದ್ದಲ್ಲ. ಆ ಬಾಕಿಯನ್ನು ವಜಾ ಮಾಡಿ ಪುಟ ಮುಚ್ಚುವುದೇ ಸರಿ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಕೈತೊಳೆಯುವ ಜಾಗದ ಕನ್ನಡಿಯ ಬಳಿ ಅಂಟಿಸಿದರೆ ಬೇಕಾದವರು ಸದ್ದಿಲ್ಲದೆ ಬರೆದುಕೊಳ್ಳುತ್ತಾರೆ.

ಬೆಂಕಿ

2018ರ ಜನವರಿ 8ರ ನಸುಕಿನಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಬಾರಿಗೆ ಬೆಂಕಿ ಬಿದ್ದು, ಒಳಗೆ ಮಲಗಿದ್ದ ಐವರು ಕೆಲಸಗಾರರು ಮೃತಪಟ್ಟರು. ಅದಕ್ಕೆ ಹತ್ತು ದಿನ ಮೊದಲು, 2017ರ ಡಿಸೆಂಬರ್ 29ರಂದು, ಮುಂಬಯಿಯ ಕಮಲಾ ಮಿಲ್ಸ್ ಆವರಣದ ಮಹಡಿಯ ಉಪಾಹಾರ ಗೃಹಗಳಲ್ಲಿ 14 ಮಂದಿ ಸತ್ತಿದ್ದರು. ದೇಶದ ಗಮನ ಸಹಜವಾಗಿ ಮುಂಬಯಿಯ ಮೇಲಿತ್ತು. ಆದರೆ ನಮ್ಮ ಸಣ್ಣ ಊರುಗಳ ಸನ್ನದುದಾರರಿಗೆ ಪಾಠವಿರುವುದು ಕಲಾಸಿಪಾಳ್ಯದಲ್ಲಿ. ಸತ್ತವರು ಗಿರಾಕಿಗಳಲ್ಲ, ವ್ಯಾಪಾರದ ವೇಳೆಯೂ ಅದಲ್ಲ.

ಗ್ರಾಮೀಣ ಬಾರುಗಳಲ್ಲಿ ದೂರದ ಊರುಗಳಿಂದ ಬಂದ ಕೆಲಸಗಾರರು ರಾತ್ರಿ ಒಳಗೇ ಮಲಗುವುದು ವಾಡಿಕೆ. ಬಾಡಿಗೆ ಕೋಣೆಯ ಖರ್ಚು ಉಳಿಯುತ್ತದೆ. ದಾಸ್ತಾನಿಗೆ ಕಾವಲೂ ಆಗುತ್ತದೆ. ಮೇಜುಗಳನ್ನು ಸರಿಸಿ ಚಾಪೆ ಹಾಸಲಾಗುತ್ತದೆ, ಶಟರ್ ಎಳೆಯಲಾಗುತ್ತದೆ, ಕೆಲವೆಡೆ ಹೊರಗಿನಿಂದ ಬೀಗವೂ ಬೀಳುತ್ತದೆ. ಒಳಗೆ ರಟ್ಟಿನ ಪೆಟ್ಟಿಗೆಗಳು, ಫ್ರಿಜ್ಜು, ಅಡುಗೆ ಅನಿಲದ ಸಿಲಿಂಡರು, ಮಳೆಗಾಲದ ತೇವಕ್ಕೆ ಹಳತಾದ ವಯರಿಂಗ್. ಶೇಕಡಾ 40ರಷ್ಟು ಮದ್ಯಸಾರವಿರುವ ದ್ರವವು ಸುಮಾರು 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿಯೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಹೊರಬಿಡುತ್ತದೆ. ನಮ್ಮ ಜಿಲ್ಲೆಯಲ್ಲಿ ವರ್ಷದ ಬಹುಪಾಲು ಹಗಲುಗಳು ಅದಕ್ಕಿಂತ ಬಿಸಿ. ಒಡೆದ ಪೆಟ್ಟಿಗೆಯೊಂದರಿಂದ ನೆಲದ ಮೇಲೆ ಹರಿದ ರಮ್ ಸೀಮೆಎಣ್ಣೆಗಿಂತ ಬೇಗ ಹೊತ್ತಿಕೊಳ್ಳಬಲ್ಲದೆಂಬುದು ಹಲವರಿಗೆ ತಿಳಿಯದು.

ಪರಿಹಾರಗಳು ದುಬಾರಿಯಲ್ಲ. ಕೆಲಸಗಾರರನ್ನು ಒಳಗೆ ಮಲಗಿಸಲೇಬಾರದು. ಹೊರಗೆ ಒಂದು ಕೋಣೆ ಮಾಡಿಕೊಡಬೇಕು. ಮುಂಬಾಗಿಲಿನ ಶಟರಿನ ಹೊರತಾಗಿ ಒಳಗಿನಿಂದ ಕೀಲಿಯಿಲ್ಲದೆ ತೆಗೆಯಬಹುದಾದ ಎರಡನೆಯ ಬಾಗಿಲು ಬೇಕು, ಅದರ ಮುಂದೆ ಖಾಲಿ ಕ್ರೇಟುಗಳನ್ನು ಪೇರಿಸಬಾರದು. ಸೋರಿಕೆ ವಿದ್ಯುತ್ತನ್ನು ಕಡಿದುಹಾಕುವ ಇ.ಎಲ್‌.ಸಿ.ಬಿ. ಸಾಧನ, ಅವಧಿ ಮೀರದ ಅಗ್ನಿಶಾಮಕ ಸಿಲಿಂಡರುಗಳು, ಅಡುಗೆ ಅನಿಲವನ್ನು ಹೊರಗಿಡುವ ಕಬ್ಬಿಣದ ಗೂಡು ಇವೆಲ್ಲ ಸೇರಿದರೂ ಒಂದು ದೊಡ್ಡ ಫ್ರಿಜ್ಜಿನ ಬೆಲೆಯ ಆಸುಪಾಸಿನಲ್ಲಿ ಮುಗಿಯುವ ಕೆಲಸ. ವಿಮೆಯ ಪಾಲಿಸಿಯಲ್ಲಿ ದಾಸ್ತಾನಿನ ಮೌಲ್ಯವನ್ನು ಹಳೆಯ ದರದಲ್ಲಿ ಬಿಟ್ಟಿದ್ದರೆ ಪರಿಹಾರವೂ ಅದೇ ಅನುಪಾತದಲ್ಲಿ ಕಡಿತಗೊಳ್ಳುತ್ತದೆ. 10 ಲಕ್ಷದ ದಾಸ್ತಾನಿಗೆ 5 ಲಕ್ಷದ ವಿಮೆ ಮಾಡಿಸಿದವನಿಗೆ 4 ಲಕ್ಷದ ಮಾಲು ಸುಟ್ಟಾಗ ಕೈಗೆ ಬರುವುದು 2 ಲಕ್ಷ ಮಾತ್ರ. ಕೆಲಸಗಾರರ ಪರಿಹಾರದ ವಿಮೆ ಪ್ರತ್ಯೇಕವಾಗಿ ಬೇಕು; ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದವನಿಗೆ ಅದು ಸಿಗುವುದಿಲ್ಲ.

ಖಾಲಿ ಬಾಟಲಿ

1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಭಾಗಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವುಗಳಾದವು. ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಮೊದಲು ಹಾಳುಮಾಡುತ್ತದೆ. ಕುಡಿದ ಹಲವು ಗಂಟೆಗಳ ನಂತರ ದೃಷ್ಟಿ ಮಂಜಾಗುವುದು, ಹೊಟ್ಟೆನೋವು, ಉಸಿರಾಟದ ತೊಂದರೆ ಇದರ ಲಕ್ಷಣ. ಈ ದುರಂತಗಳು ಕಳ್ಳಭಟ್ಟಿಯವು, ಸನ್ನದು ಪಡೆದ ಅಂಗಡಿಯವಲ್ಲ ಎಂದು ಸಮಾಧಾನಪಡುವಂತಿಲ್ಲ. ನಕಲಿ ಮಾಲಿಗೆ ಬೇಕಾದ ಅಸಲಿ ಬಾಟಲಿ, ಅಸಲಿ ಮುಚ್ಚಳ, ಅಸಲಿ ಅಬಕಾರಿ ಚೀಟಿ ಹೊರಡುವುದು ಬಾರಿನ ಹಿತ್ತಲಿನಿಂದಲೇ. ಖಾಲಿ ಬಾಟಲಿಯ ಮುಚ್ಚಳ ಮತ್ತು ಚೀಟಿಯನ್ನು ಅಂದಂದೇ ಹಾಳುಗೆಡವಿ, ಗುಜರಿಯವನಿಗೆ ಕೊಟ್ಟದ್ದರ ಎಣಿಕೆಯನ್ನು ಬರೆದಿಡಬೇಕು. ಬಾಟಲಿ, ಮುಚ್ಚಳಗಳನ್ನು ಒಟ್ಟಿಗೆ ಒಳ್ಳೆಯ ಬೆಲೆಗೆ ಕೇಳುವ ಗುಜರಿಯವನ ಉದ್ದೇಶವನ್ನು ಊಹಿಸುವುದು ಕಷ್ಟವಲ್ಲ.

ತೋಟಗಳಲ್ಲಿ ಬಿದ್ದ ಒಡೆದ ಗಾಜಿನ ವಿಷಯ ಪ್ರತ್ಯೇಕ. ಅಡಿಕೆ ಹೆಕ್ಕುವವರ ಕಾಲು, ಮೇಯುವ ದನದ ಬಾಯಿ ಅದಕ್ಕೆ ಬಲಿ. ತಮಿಳುನಾಡು ಸರ್ಕಾರದ ಮದ್ಯದಂಗಡಿಗಳು 2022ರಲ್ಲಿ ನೀಲಗಿರಿಯಲ್ಲಿ, ಬಾಟಲಿಗೆ 10 ರೂಪಾಯಿ ಹೆಚ್ಚುವರಿಯಾಗಿ ಪಡೆದು ಖಾಲಿ ಬಾಟಲಿ ಹಿಂದಿರುಗಿಸಿದಾಗ ಮರಳಿಸುವ ಕ್ರಮವನ್ನು ಹೈಕೋರ್ಟಿನ ನಿರ್ದೇಶನದಂತೆ ಆರಂಭಿಸಿದವು. ಘಟ್ಟದ ತಪ್ಪಲಿನ ನಮ್ಮ ಊರುಗಳ ಸನ್ನದುದಾರರು ಒಟ್ಟಾಗಿ ಇಂಥದ್ದನ್ನು ಇಲಾಖೆಯ ಮುಂದಿಡುವುದು ಯೋಗ್ಯ.

ಹೆಸರೊಬ್ಬರದು, ವ್ಯಾಪಾರ ಮತ್ತೊಬ್ಬರದು

1992ರಿಂದ ಮೂರು ದಶಕಗಳ ಕಾಲ ಸಿ.ಎಲ್‌-2 ಮತ್ತು ಸಿ.ಎಲ್‌-9 ಸನ್ನದುಗಳನ್ನು ಹೊಸದಾಗಿ ನೀಡುವುದನ್ನು ಸರ್ಕಾರ ತಡೆಹಿಡಿದಿದ್ದರಿಂದ ಹಳೆಯ ಸನ್ನದುಗಳಿಗೆ ಅಪಾರ ಬೆಲೆ ಬಂತು. ಅದರೊಂದಿಗೆ ಸನ್ನದನ್ನು ಮಾಸಿಕ ಬಾಡಿಗೆಗೆ ಬಿಡುವ, ಹೆಸರಿಗೊಬ್ಬರಿದ್ದು ಮತ್ತೊಬ್ಬರು ನಡೆಸುವ ರೂಢಿಯೂ ಬೆಳೆಯಿತು. ಬಿಹಾರಿಲಾಲ್ ಜೈಸ್ವಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸನ್ನದಿನ ಷರತ್ತಿಗೆ ವಿರುದ್ಧವಾಗಿ ರಚಿಸಿಕೊಂಡ ಪಾಲುದಾರಿಕೆ ಕಾನೂನುಬಾಹಿರವೆಂದೂ ಅಂಥ ಸಂಸ್ಥೆಗೆ ಆದಾಯ ತೆರಿಗೆಯಲ್ಲಿ ನೋಂದಣಿಯ ಲಾಭ ದೊರೆಯದೆಂದೂ ತೀರ್ಪಿತ್ತಿತು. ಪಾಲುದಾರರ ನಡುವೆ ಜಗಳವಾದರೆ ಒಪ್ಪಂದ ಹಿಡಿದು ನ್ಯಾಯಾಲಯಕ್ಕೆ ಹೋಗುವ ದಾರಿಯೂ ಮುಚ್ಚುತ್ತದೆ. ಸುರಕ್ಷತೆಗೂ ಇದಕ್ಕೂ ನೇರ ಸಂಬಂಧವಿದೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಕುಳಿತು ಬಾಡಿಗೆ ಎಣಿಸುವ ಸನ್ನದುದಾರನಿಗೆ ಎರಡನೆಯ ಬಾಗಿಲಿನ ಬಗ್ಗೆ ಆಸಕ್ತಿಯಿರದು. ವರ್ಷ ವರ್ಷ ಬದಲಾಗುವ ಬಾಡಿಗೆದಾರನಿಗೆ ಇನ್ನೊಬ್ಬರ ಕಟ್ಟಡದ ವಯರಿಂಗಿಗೆ ಹಣ ಹಾಕುವ ಮನಸ್ಸಿರದು. ಅವಘಡವಾದ ದಿನ ಮಾತ್ರ ಮೊದಲ ಆರೋಪಿಯ ಸ್ಥಾನದಲ್ಲಿ ಸನ್ನದಿನ ಮೇಲಿರುವ ಹೆಸರೇ ಕಾಣಿಸುತ್ತದೆ.

ಒಂದು ಅಂದಾಜು

ದಿನಕ್ಕೆ 40,000 ರೂಪಾಯಿ ವಹಿವಾಟಿನ ಒಂದು ಬಾರನ್ನು ಕಲ್ಪಿಸಿಕೊಳ್ಳೋಣ. ಒಟ್ಟು ಲಾಭ ಶೇಕಡಾ 20 ಎಂದಿಟ್ಟುಕೊಂಡರೆ ದಿನಕ್ಕೆ 8,000. ಅಮಲೇರಿದವನಿಗೆ ಬಡಿಸಿದ ಕಾರಣಕ್ಕೆ ಗಲಾಟೆಯಾಗಿ ಸನ್ನದು 15 ದಿನ ಅಮಾನತಾದರೆ 1,20,000 ರೂಪಾಯಿ ಹೋಯಿತು. ಸಂಬಳ, ಬಾಡಿಗೆ, ಬಡ್ಡಿ, ಸನ್ನದು ಶುಲ್ಕ ಎಂದಿನಂತೆ ನಡೆಯುತ್ತಲೇ ಇರುತ್ತವೆ. ಆ ಗಿರಾಕಿಗೆ ಕೊಟ್ಟ ಕೊನೆಯ ದೊಡ್ಡ ಪೆಗ್ಗಿನಲ್ಲಿ ಉಳಿದದ್ದು 30 ರೂಪಾಯಿ ಎಂದರೂ, ಈ ನಷ್ಟ ತುಂಬಲು ಅಂಥ 4,000 ಪೆಗ್ಗುಗಳನ್ನು ಮಾರಬೇಕು. ಮನೆ ತಲುಪದೆ ತಿರುವಿನಲ್ಲಿ ಬಿದ್ದವನ ಕುಟುಂಬದ ನಷ್ಟಕ್ಕೆ ಇಲ್ಲಿ ಅಂಕಣವೇ ಇಲ್ಲ.

ಇದಕ್ಕೆ ತಗಲುವ ವೆಚ್ಚದಲ್ಲಿ ಅತಿ ಅಗ್ಗವಾದದ್ದು ಒಂದು ನೂರು ಪುಟದ ಪುಸ್ತಕ. ದಿನಾಂಕ, ವೇಳೆ, ನಿರಾಕರಿಸಿದ ಕಾರಣ, ಆತ ಹೇಗೆ ಹೊರಟ, ಯಾರ ವಾಹನದಲ್ಲಿ, ಬಡಿಸುವವನ ಸಹಿ ಇಷ್ಟನ್ನು ಅದರಲ್ಲಿ ಬರೆದರೆ ಸಾಕು; ಗಿರಾಕಿಯ ಹೆಸರು ಬೇಕಾಗಿಲ್ಲ. ನೌಕರನ ತಪ್ಪಿಗೆ ಸನ್ನದುದಾರನನ್ನೂ ಹೊಣೆಯಾಗಿಸುವ ಅಬಕಾರಿ ವ್ಯವಹಾರದಲ್ಲಿ, ಮುನ್ನೆಚ್ಚರಿಕೆ ವಹಿಸಲಾಗಿತ್ತೆಂದು ತೋರಿಸಲು ಬಾಯಿಮಾತಿಗಿಂತ ಅಂದಂದಿನ ಬರಹಕ್ಕೆ ಹೆಚ್ಚಿನ ಬೆಲೆಯಿದೆ. ಜೂನ್ ತಿಂಗಳಲ್ಲಿ ಸನ್ನದಿನ ನವೀಕರಣಕ್ಕೆ ಕಾಗದಪತ್ರಗಳನ್ನು ಜೋಡಿಸುವಾಗ ಈ ಪುಸ್ತಕ, ಪೆಗ್ಗಿನ ತಾಳೆಪಟ್ಟಿ, ಮಾಪನದ ಮುದ್ರಾ ಪತ್ರ, ವಿಮೆಯ ಪಾಲಿಸಿ ಮತ್ತು ಅಗ್ನಿಶಾಮಕ ಸಿಲಿಂಡರುಗಳ ಮರುಭರ್ತಿಯ ರಸೀದಿ ಒಂದೇ ಕಡತದಲ್ಲಿರಲಿ. ತಿಂಗಳುಗಟ್ಟಲೆ ಒಂದೂ ನಮೂದಿಲ್ಲದ ನಿರಾಕರಣೆ ಪುಸ್ತಕ ಕಂಡರೆ ಸನ್ನದುದಾರನು ಅಂದು ರಾತ್ರಿ ಗಲ್ಲಾ ಮುಚ್ಚುವವರೆಗೆ ಅಲ್ಲಿಯೇ ಕುಳಿತು ಬಡಿಸುವುದನ್ನು ನೋಡಬೇಕು.